ಮೇಜಿನ ಆಚೆ ಬದಿಗೆ ಕೂತವನು

ಗೆಳೆಯಾ,

ನಗುತ್ತೀಯ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಮತ್ತೆ ಟ್ವೈಲೈಟ್ ಲೋಕಕ್ಕೆ ಹೋಗಿ ಬಂದೆ. ಅದೇ, ರಕ್ತ ಕುಡಿಯುವ ವ್ಯಾಂಪೈರ್ ಎಡ್ವರ್ಡ್ ಮತ್ತು ಮನುಷ್ಯ ಹುಡುಗಿ ಬೆಲ್ಲಾಳ ಪ್ರೇಮದ ಕಾದಂಬರಿ. ಈ ಸಲ ಕಥೆ ಹೇಳುವವಳು ಬೆಲ್ಲಾ ಅಲ್ಲ, ಎಡ್ವರ್ಡ್. ಪುಸ್ತಕದ ಹೆಸರು ಮಿಡ್‌ನೈಟ್ ಸನ್. ಊರು ಅದೇ, ಅಮೆರಿಕದ ಫೋರ್ಕ್ಸ್, ಮಳೆಯೂ ಅದೇ, ಹೇಳುವ ಬಾಯಿ ಮಾತ್ರ ಬೇರೆ.

ನೀನು ಹಿಂದೊಮ್ಮೆ ಕೇಳಿದ್ದೆ, ನೆನಪಿದೆಯಾ? "ಮೊದಲ ದಿನ ಅವಳನ್ನ ನುಂಗೋ ಹಾಗೆ ನೋಡ್ತಾನೆ, ಆಮೇಲೆ ಒಂದು ವಾರ ನಾಪತ್ತೆ. ಇದರಲ್ಲಿ ಪ್ರೀತಿ ಎಲ್ಲಿಂದ ಬಂತು?" ಅವನ ಪರ ವಾದ ಮಾಡಿ ನಾನು ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಈಗ ಕೇಳು. ನುಂಗೋ ಹಾಗೆ ಅಂದೆಯಲ್ಲ, ಅದು ಬರೀ ಮಾತಲ್ಲ ಕಣೋ.

ಆ ಬಯಾಲಜಿ ತರಗತಿಯನ್ನೇ ತಗೋ. ಬೆಲ್ಲಾ ಹೇಳುವಾಗ ನಮಗೆ ಕಾಣುವುದು ಇಷ್ಟು: ಪಕ್ಕದ ಹುಡುಗ ಕುರ್ಚಿಯ ತುದಿಗೆ ಸರಿದು, ಮುಷ್ಟಿ ಬಿಗಿದು ಕೂತಿದ್ದಾನೆ. ಪಾಪ, ಅವಳು ತನ್ನ ಕೂದಲನ್ನೇ ಮೂಸಿ ನೋಡಿಕೊಳ್ಳುತ್ತಾಳೆ. ಸ್ಟ್ರಾಬೆರಿ ಶಾಂಪೂ ವಾಸನೆ, ಅಷ್ಟೇ. ಈಗ ಅದೇ ಗಳಿಗೆ ಅವನ ತಲೆಯೊಳಗಿಂದ ನೋಡು. ಹೀಟರಿನ ಬಿಸಿಗಾಳಿ ಅವಳನ್ನು ಸವರಿಕೊಂಡು ಬಂದು ಇವನ ಮೂಗಿಗೆ ಬಡಿಯುತ್ತದೆ. ಗಂಟಲಿಗೆ ಬೆಂಕಿ ಬಿದ್ದ ಹಾಗೆ. ಆಸರೆಗೆ ಮೇಜಿನ ಅಡಿ ಹಿಡಿದರೆ ಮರ ಪುಡಿಯಾಗಿ ಕೈಗೆ ಬರುತ್ತದೆ. ಅಲ್ಲಿ ಬೆರಳುಗಳ ಅಚ್ಚು ಮೂಡಿಬಿಟ್ಟಿದೆ. ಯಾರಾದರೂ ನೋಡಿಯಾರು ಅಂತ ಅಂಚನ್ನೆಲ್ಲ ಬೆರಳಲ್ಲೇ ಉಜ್ಜಿ, ಉದುರಿದ ಮರದ ಪುಡಿಯನ್ನು ಕಾಲಲ್ಲಿ ಚದುರಿಸುತ್ತಾನೆ. ಆಮೇಲೆ ಉಸಿರು ಬಿಗಿಹಿಡಿದು ಲೆಕ್ಕ ಹಾಕುತ್ತಾನೆ. ಅವಳನ್ನು ಕೊಂದರೆ ಸಾಕ್ಷಿ ಉಳಿಯಬಾರದು. ಹಾಗಾದರೆ ಈ ಕೋಣೆಯಲ್ಲಿ ಮೊದಲು ಯಾರು, ಆಮೇಲೆ ಯಾರು?

ಅವಳು ಶಾಂಪೂ ಬಗ್ಗೆ ಯೋಚಿಸುತ್ತಿದ್ದಾಗ ಇವನು ಹೆಣಗಳ ಲೆಕ್ಕದಲ್ಲಿದ್ದ! ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇಷ್ಟು ವರ್ಷ ನಾವು ಆ ಮೇಜಿನ ಒಂದೇ ಬದಿಯಲ್ಲಿ ಕೂತಿದ್ದೆವು.

ಈ ಪುಸ್ತಕದ್ದೇ ಒಂದು ಕಥೆ ಇದೆ. ಮೊದಲ ಕಾದಂಬರಿ ಬಂದದ್ದು 2005ರಲ್ಲಿ. ಲೇಖಕಿ ಸ್ಟೆಫನಿ ಮೇಯರ್ ಎಡ್ವರ್ಡ್‌ನ ಕಡೆಯದನ್ನು ಬರೆಯುತ್ತಿದ್ದಾಗಲೇ, 2008ರಲ್ಲಿ, ಕರಡು ಸೋರಿಹೋಯಿತು. ಬೇಜಾರಾಗಿ ಆಕೆ ಬರೆದಷ್ಟು 12 ಅಧ್ಯಾಯಗಳನ್ನು ತಾವೇ ವೆಬ್‌ಸೈಟಿಗೆ ಹಾಕಿ ಕೈಬಿಟ್ಟರು. ಪೂರ್ತಿ ಪುಸ್ತಕ ಬಂದದ್ದು 2020ರ ಆಗಸ್ಟಿನಲ್ಲಿ. ಅಂದರೆ 12 ಅಧ್ಯಾಯ ಓದಿದವರು 12 ವರ್ಷ ಕಾದರು. ಇನ್ನೊಂದು ನೋಡು. ಎಡ್ವರ್ಡ್ 1918ರಲ್ಲಿ, 17ನೇ ವಯಸ್ಸಿನಲ್ಲಿ, ಶಿಕಾಗೋದಲ್ಲಿ ಸ್ಪ್ಯಾನಿಷ್ ಫ್ಲೂನಿಂದ ಸಾಯುತ್ತಿದ್ದಾಗ ವ್ಯಾಂಪೈರ್ ವೈದ್ಯ ಕಾರ್ಲೈಲ್ ಅವನನ್ನು ವ್ಯಾಂಪೈರ್ ಮಾಡಿದ್ದು. ಅವನ ಕಥೆ ಹೊರಬಂದಾಗ ಇಡೀ ಜಗತ್ತು ಮಾಸ್ಕ್ ಹಾಕಿಕೊಂಡು ಕೂತಿತ್ತು.

ಕರ್ಣನ ಕಡೆಯಿಂದ, ದ್ರೌಪದಿಯ ಕಡೆಯಿಂದ ಮಹಾಭಾರತ ಕೇಳಿದ ನಮಗೆ ಈ ವರಸೆ ಹೊಸದಲ್ಲ, ಅಲ್ವಾ? ಆದರೆ ಅಲ್ಲೆಲ್ಲ ಬಾಯಿ ಸಿಗುವುದು ಅನ್ಯಾಯವಾದವರಿಗೆ. ಇವನಿಗೆ ಏನು ಕಮ್ಮಿಯಾಗಿತ್ತು ಅಂತ ಇನ್ನೊಂದು ಪುಸ್ತಕ ಅಂತ ನಾನೂ ಅಂದುಕೊಂಡಿದ್ದೆ. ಇವನಿಗೆ ಬೆಲ್ಲಾಳ ಮನಸ್ಸು ಬಿಟ್ಟು ಎಲ್ಲರ ಮನಸ್ಸೂ ಕೇಳಿಸುತ್ತದೆ ಅನ್ನುವುದನ್ನು ಮರೆತಿದ್ದೆ. ಹಾಗಾಗಿ ಮೊದಲ ಪುಸ್ತಕದಲ್ಲಿ ಹಿಂದೆ ನಿಂತವರೆಲ್ಲ ಇಲ್ಲಿ ಮುಂದೆ ಬರುತ್ತಾರೆ. ಬೆಲ್ಲಾ ಜೊತೆ ನಗುನಗುತ್ತಾ ಇರುವ ಸಹಪಾಠಿ ಜೆಸಿಕಾಳ ಒಳಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ಆದರೆ ಇನ್ನೊಬ್ಬ ಸಹಪಾಠಿ ಏಂಜೆಲಾ ಅಪ್ಪಟ ಬಂಗಾರ. ಅವಳಿಗೆ ಅದೇ ಶಾಲೆಯ ಬೆನ್ ಮೇಲೆ ಮನಸ್ಸಿದೆ ಅಂತ ತಿಳಿದು, ಎಡ್ವರ್ಡ್ ತನ್ನ ಸೋದರನಂತಿರುವ ಎಮೆಟ್ ಜೊತೆ ಸೇರಿ ಒಂದು ಪುಟ್ಟ ನಾಟಕ ಆಡುತ್ತಾನೆ. ಏಂಜೆಲಾಳನ್ನು ಕರೆಯಬೇಕೆಂದಿದ್ದೆ, ಆದರೆ ಅವಳಿಗೆ ಬೆನ್ ಅಂದರೆ ಇಷ್ಟವಂತೆ ಅಂತ ಬೆನ್‌ಗೆ ಕೇಳುವ ಹಾಗೆ ಹೇಳಿ, ಅವನಿಗೆ ಉರಿ ಹತ್ತಿಸುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಎಡ್ವರ್ಡ್ ಜಾಸ್ತಿ ಇಷ್ಟವಾದದ್ದು ಅಲ್ಲೇ.

ಎದೆ ಹಿಂಡಿದ್ದು ಎಡ್ವರ್ಡ್ ಮನೆಯವಳೇ ಆದ ಆಲಿಸ್‌ಳ ದರ್ಶನ. ಮುಂದಾಗುವುದು ಆಲಿಸ್‌ಗೆ ಕಾಣುತ್ತದಲ್ಲ, ಅವಳ ತಲೆಯಲ್ಲಿ ಇವನು ಎರಡೇ ದಾರಿ ನೋಡುತ್ತಾನೆ. ಒಂದರಲ್ಲಿ ಬೆಲ್ಲಾ ಸತ್ತಿದ್ದಾಳೆ. ಇನ್ನೊಂದರಲ್ಲಿ ಅವರಂತೆಯೇ ವ್ಯಾಂಪೈರ್ ಆಗಿದ್ದಾಳೆ. ಎರಡರಲ್ಲೂ ಅವಳ ಎದೆಬಡಿತ ನಿಲ್ಲುತ್ತದೆ. "ನಾವು ಸ್ನೇಹಿತರಾಗದಿರೋದೇ ಒಳ್ಳೆಯದು" ಅಂತ ಅವನು ಅಂದಾಗ ನಾವಿಬ್ಬರೂ ಬಿಗುಮಾನ ಅಂದುಕೊಂಡಿದ್ದೆವು. ಅವನು ನಿಜಕ್ಕೂ ಬೇಡಿಕೊಳ್ಳುತ್ತಿದ್ದ.

ಹಾಗಂತ ಪೂರ್ತಿ ಹೊಗಳಲಾರೆ. ಮೊದಲನೆಯದು 500 ಪುಟದೊಳಗೆ ಮುಗಿದರೆ ಇದು 650 ದಾಟುತ್ತದೆ. ಎರಡು ಪುಟಕ್ಕೊಮ್ಮೆ ನಾನು ರಾಕ್ಷಸ, ನಾನು ಪಾಪಿ ಅಂತ ಗೋಳು. ಅವನು ಬಾಯಿ ಮುಚ್ಚಿಕೊಂಡಿದ್ದಾಗ ಆ ಮೌನಕ್ಕೆ ನಮಗೆ ಬೇಕಾದ್ದನ್ನು ತುಂಬಿಕೊಂಡಿದ್ದೆವು. ಈಗ ಅಲ್ಲಿ ಜಾಗವೇ ಇಲ್ಲ.

ಮತ್ತೆ ಆ ಕಿಟಕಿ. ರಾತ್ರಿ ಅವಳ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾನಲ್ಲ, ಮೊದಲ ಪುಸ್ತಕದಲ್ಲಿ ಅದು ಆಮೇಲೆ ತಿಳಿಯುವ ಸಂಗತಿ. ಇಲ್ಲಿ ನಾವೂ ಅವನ ಜೊತೆ ಗೋಡೆ ಹತ್ತಬೇಕು. ಕಿಟಕಿ ಕಿರ್ರೆನ್ನುತ್ತದೆ ಅಂತ ಮುಂದಿನ ಸಲ ಎಣ್ಣೆ ತರಬೇಕು ಅಂದುಕೊಳ್ಳುತ್ತಾನೆ ಮಾರಾಯ! ನೂರು ದಾಟಿದ ಗಂಡಸು! ಇದಕ್ಕೆ ನನ್ನ ಹತ್ತಿರ ವಾದ ಇಲ್ಲ. ಆ ಎರಡು ದಿನದ ಜಗಳದಲ್ಲಿ ಒಂದು ದಿನ ನೀನು ಗೆದ್ದೆ ಅಂತ ಇಟ್ಟುಕೋ.

ಪುಸ್ತಕ ಕೊರಿಯರ್ ಮಾಡಿದ್ದೇನೆ. ಪೂರ್ತಿ ಓದಬೇಕಿಲ್ಲ, ಮೊದಲ ಅಧ್ಯಾಯ ಓದಿ ಫೋನ್ ಮಾಡು. ಕಿಟಕಿಯ ಪುಟಕ್ಕೆ ಗುರುತು ಇಟ್ಟಿದ್ದೇನೆ, ಬೈಯೋದಕ್ಕೆ ಅನುಕೂಲವಾಗಲಿ ಅಂತ.

ನಿನ್ನ ಅದೇ ಜಗಳಗಂಟಿ ಗೆಳತಿ