ಆ ಅರ್ಧ ಮಾರ್ಕು ಯಾಕೆ ಕಟ್ ಮಾಡುತ್ತೀರಿ?

ಮಾನ್ಯರೆ,

ಮೊಬೈಲ್ ಬಂದ ಮೇಲೆ ಮಕ್ಕಳ ಇಂಗ್ಲಿಷ್ ಸ್ಪೆಲ್ಲಿಂಗ್ ಕೆಟ್ಟುಹೋಯಿತು ಅಂತ ಮೊನ್ನೆ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ನನ್ನ ತಕರಾರಿದೆ. ಅವರು ಕೊಟ್ಟ ತಪ್ಪುಗಳ ಪಟ್ಟಿಯಲ್ಲಿ ‘ಯು’ ಇಲ್ಲದ ಕಲರ್ ಇತ್ತು, ನಡುವೆ ‘ಇ’ ಇಲ್ಲದ ಜಡ್ಜ್‌ಮೆಂಟ್ ಕೂಡ ಇತ್ತು. ಇವೆರಡೂ ತಪ್ಪಲ್ಲ.

ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ಡಿಟಿಪಿ, ಝೆರಾಕ್ಸ್ ಅಂಗಡಿ ನಡೆಸುವವಳು. ಶಾಲೆ ಮಕ್ಕಳ ಪ್ರಾಜೆಕ್ಟ್, ಮದುವೆ ಕಾರ್ಡು, ಬಯೋಡಾಟಾ, ವಕೀಲರ ಕಾಗದ ಎಲ್ಲವೂ ಒಂದೇ ಕೀಬೋರ್ಡಿನಲ್ಲಿ ಆಗಬೇಕು. ಒಬ್ಬರು ಹಾಕಿಸಿದ ಅಕ್ಷರವನ್ನು ಇನ್ನೊಬ್ಬರು ತೆಗೆಸುವುದು ನನಗೆ ದಿನದ ಕೆಲಸ.

ಜಡ್ಜ್‌ಮೆಂಟನ್ನೇ ತೆಗೆದುಕೊಳ್ಳಿ. ನಮ್ಮ ಕುಂಜಿಬೆಟ್ಟಿನಲ್ಲೇ ಕಾನೂನು ಕಾಲೇಜು ಇದೆ. ಕಾನೂನು ಓದುವ ಹುಡುಗರು ಟೈಪಿಂಗಿಗೆ ಕೊಡುವ ಹಾಳೆಯಲ್ಲಿ ‘ಜಿ’ ಆದ ಕೂಡಲೇ ‘ಎಂ’ ಬರುತ್ತದೆ. ನಡುವೆ ‘ಇ’ ಬಿದ್ದರೆ ನಿಂತು ತೆಗೆಸಿಯೇ ಹೋಗುತ್ತಾರೆ. 1908ರ ಸಿವಿಲ್ ಪ್ರೊಸೀಜರ್ ಕೋಡಿನಲ್ಲಿ ಹಾಗೇ ಇದೆ. ಸುಪ್ರೀಂ ಕೋರ್ಟಿನ ತೀರ್ಪುಗಳ ತಲೆಬರಹವೂ ಹಾಗೇ. ಮೊನ್ನೆ ಹೈಸ್ಕೂಲಿನ ಹುಡುಗಿಯೊಬ್ಬಳು ಟೀಚರ್ ತಿದ್ದಿಕೊಟ್ಟ ಪ್ರಾಜೆಕ್ಟನ್ನು ಮತ್ತೆ ಟೈಪ್ ಮಾಡಿಸಲು ತಂದಳು. ಇದೇ ಶಬ್ದಕ್ಕೆ ಕೆಂಪು ಶಾಯಿಯಲ್ಲಿ ದೊಡ್ಡ ಸುತ್ತು. ಪಕ್ಕದಲ್ಲಿ ಮೈನಸ್ ಅರ್ಧ. ಹಾಗಾದರೆ ಸುಪ್ರೀಂ ಕೋರ್ಟಿಗೂ ಅರ್ಧ ಮಾರ್ಕು ಕಟ್ ಮಾಡಬೇಕಾ ಮಾರಾಯ್ರೆ?

ಅವಳ ಹಾಳೆಯಲ್ಲಿ ಕಲರಿಗೂ ಸುತ್ತು ಬಿದ್ದಿತ್ತು. ಅದು ಹೇಗೆ ಆಗುತ್ತದೆ ಅಂತ ಅಂಗಡಿಯಲ್ಲಿ ಕೂತವರಿಗೆ ಗೊತ್ತು. ಮಕ್ಕಳು ಪಠ್ಯಪುಸ್ತಕ ನೋಡಿಕೊಂಡು ‘ಯು’ ಹಾಕಿಯೇ ಟೈಪ್ ಮಾಡುತ್ತಾರೆ. ತಕ್ಷಣ ಶಬ್ದದ ಅಡಿಯಲ್ಲಿ ಅಂಕುಡೊಂಕು ಕೆಂಪು ಗೆರೆ. ಕಂಪ್ಯೂಟರ್ ಹೇಳಿದ ಮೇಲೆ ಸರಿಯೇ ಇರಬೇಕು ಅಂತ ‘ಯು’ ತೆಗೆಯುತ್ತಾರೆ, ಗೆರೆ ಹೋಗುತ್ತದೆ. ನಿಜ ಏನೆಂದರೆ ಹೆಚ್ಚಿನ ಕಡೆ ವರ್ಡ್ ಅಮೆರಿಕದ ಇಂಗ್ಲಿಷಿನಲ್ಲೇ ಇರುತ್ತದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ‘ಇಂಗ್ಲಿಷ್’, ಅದರ ಪಕ್ಕ ‘ಯುನೈಟೆಡ್ ಸ್ಟೇಟ್ಸ್’ ಅಂತ ಚಿಕ್ಕ ಅಕ್ಷರದಲ್ಲಿ ಕಾಣುತ್ತದೆ. ಅದನ್ನು ಒತ್ತಿ, ಪಟ್ಟಿಯಲ್ಲಿ ಇಂಡಿಯಾ ಅಂತ ಇರುವುದನ್ನು ಆರಿಸಿದರೆ ‘ಯು’ ಇರುವ ಕಲರಿಗೆ ಗೆರೆ ಬರುವುದಿಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಇಷ್ಟು ಮಾಡಲು ಎಷ್ಟು ಹೊತ್ತು ಬೇಕು ಹೇಳಿ.

ಈ ಎರಡೆರಡು ಸ್ಪೆಲ್ಲಿಂಗ್ ನಿನ್ನೆ ಮೊನ್ನೆ ಮೊಬೈಲಿನಿಂದ ಹುಟ್ಟಿದ್ದೂ ಅಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇಂಗ್ಲೆಂಡಿನಲ್ಲಿ ನಿಘಂಟು ತಂದಾಗ ಕಲರಿಗೆ ‘ಯು’ ಇಟ್ಟರು. 1828ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ ದೊಡ್ಡ ನಿಘಂಟಿನಲ್ಲಿ ಅದನ್ನು ತೆಗೆದರು. ಸೆಂಟರಿನ ಕೊನೆಯ ‘ಆರ್ ಇ’ಯನ್ನು ‘ಇ ಆರ್’ ಮಾಡಿದವರೂ ಅವರೇ. ಜಾನ್ಸನ್ ಮ್ಯೂಸಿಕ್ಕಿನ ಕೊನೆಗೆ ‘ಕೆ’ ಕೂಡ ಹಾಕಿದ್ದರು. ಅದನ್ನು ಆಮೇಲೆ ಬ್ರಿಟಿಷರೇ ಬಿಟ್ಟುಬಿಟ್ಟರು. ವೆಬ್‌ಸ್ಟರ್ ಹೇಳಿದ್ದೂ ಎಲ್ಲ ನಡೆಯಲಿಲ್ಲ. ನಾಲಿಗೆಗೆ ಇರುವ ಟಂಗ್ ಶಬ್ದವನ್ನು ಸುಮ್ನೆ ‘ಟಿ ಯು ಎನ್ ಜಿ’ ಅಂತ ಬರೆಯೋಣ ಅಂದರು, ಅವರ ದೇಶದವರೇ ಕೇಳಲಿಲ್ಲ.

ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ‘ಎಸ್’ ಮತ್ತು ‘ಝಡ್’. ಆರ್ಗನೈಸೇಷನ್ನಿಗೆ ‘ಝಡ್’ ಹಾಕಿದರೆ ಅದು ಅಮೆರಿಕದ್ದು, ನಮಗೆ ಬೇಡ ಅನ್ನುತ್ತಾರೆ. ಆದರೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಿಘಂಟೇ ‘ಝಡ್’ ಅನ್ನು ಮೊದಲು ಕೊಟ್ಟು ‘ಎಸ್’ ಕೂಡ ಸರಿ ಅನ್ನುತ್ತದೆ. ಇಸ್ರೋ ತನ್ನ ಹೆಸರಿನಲ್ಲಿ ‘ಎಸ್’ ಬರೆಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ‘ಝಡ್’ ಬರೆಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದ್ದು ಇನ್ನೂ ಚೆಂದ. ಲೇಬರ್ ಅನ್ನುವಲ್ಲಿ ಬ್ರಿಟಿಷರ ‘ಯು’ ಇದೆ, ಮುಂದಿನ ಶಬ್ದದಲ್ಲೇ ‘ಝಡ್’! ಎಸ್ಸೆಸ್ಸೆಲ್ಸಿ ಮಗು ಈ ಹೆಸರನ್ನು ಇದ್ದ ಹಾಗೆ ಬರೆದರೆ ಎಷ್ಟು ಮಾರ್ಕು ಹೋಗಬಹುದು?

ವಿಜ್ಞಾನದವರು ಈ ಜಗಳವನ್ನು ಒಂದು ಮಟ್ಟಿಗೆ ಮುಗಿಸಿದ್ದಾರೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ 1990ರಲ್ಲಿ ಸಲ್ಫರಿಗೆ ಅಮೆರಿಕದ ‘ಎಫ್’ ಆರಿಸಿತು, ಅಲ್ಯುಮಿನಿಯಮ್ಮಿಗೆ ಬ್ರಿಟಿಷರ ಹೆಚ್ಚಿನ ‘ಐ’ ಉಳಿಸಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಲ್ಫರಿಗೆ ‘ಪಿ ಎಚ್’ ಇರುತ್ತದೆ. ‘ಎಫ್’ ಹಾಕಿದ ಪಿಯುಸಿ ಹುಡುಗನನ್ನು ದಡ್ಡ ಅನ್ನುವ ಮೊದಲು ಇದು ನೆನಪಿರಲಿ.

ಮದುವೆ ಕಾರ್ಡಿನ ಕಥೆಯೂ ಇದೆ. ನಮ್ಮ ಕಡೆ ಹುಡುಗ ಅಮೆರಿಕದಲ್ಲಿದ್ದರೆ ಕಾರ್ಡಿನ ಇಂಗ್ಲಿಷ್ ಬದಿಗೆ ಎರಡು ಪಕ್ಷ ಹುಟ್ಟುತ್ತದೆ. ಹುಡುಗ ವಾಟ್ಸ್ಯಾಪಿನಲ್ಲಿ ಹಾನರ್ ಶಬ್ದದ ‘ಯು’ ತೆಗೆಯಿರಿ ಅನ್ನುತ್ತಾನೆ. ಹುಡುಗಿಯ ಅಪ್ಪ ಅಂಗಡಿಗೇ ಬಂದು ‘ಯು’ ಹಾಕಿ ಅನ್ನುತ್ತಾರೆ. ನಾನು ಯಾವಾಗಲೂ ಅಪ್ಪನ ಕಡೆ. ಯಾಕೆಂದರೆ ಅಮೆರಿಕದಲ್ಲೇ ಸಂಪ್ರದಾಯದ ಮದುವೆ ಕಾರ್ಡಿನಲ್ಲಿ ಹಾನರಿಗೆ ‘ಯು’ ಹಾಕುವ ರೂಢಿ ಇದೆ. ಇದನ್ನು ಹೇಳಿದರೆ ಹುಡುಗರು ಗೂಗಲ್ ನೋಡಿ ಸುಮ್ಮನಾಗುತ್ತಾರೆ.

ಹಾಗಂತ ಏನು ಬರೆದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಅಡ್ವರ್ಟೈಸಿಗೆ ಬ್ರಿಟನ್ನಿನಲ್ಲಿ ‘ಎಸ್’, ಅಮೆರಿಕದಲ್ಲೂ ‘ಎಸ್’ ವಾಡಿಕೆ. ಸರ್‌ಪ್ರೈಸಿಗೂ ಹಾಗೇ. ಪೆನ್ನು ಪುಸ್ತಕ ಮಾರುವ ಸ್ಟೇಷನರಿಗೆ ‘ಇ ಆರ್ ವೈ’ಯೇ ಬರಬೇಕು. ‘ಎ ಆರ್ ವೈ’ ಬರೆದರೆ ನಿಂತಲ್ಲೇ ನಿಂತದ್ದು ಅಂತ ಅರ್ಥ. ಉಡುಪಿಯಲ್ಲಿ ನಿಂತಲ್ಲೇ ನಿಂತ ಅಂಗಡಿಗಳ ಬೋರ್ಡು ಬೇಕಾದಷ್ಟಿವೆ, ಅವಕ್ಕೆ ಧಾರಾಳವಾಗಿ ಕೆಂಪು ಸುತ್ತು ಹಾಕಿ. ಒಂದೇ ಪುಟದಲ್ಲಿ ಮೇಲೆ ‘ಯು’ ಇಟ್ಟು ಕೆಳಗೆ ತೆಗೆದರೆ ಅದಕ್ಕೂ ಮಾರ್ಕು ಕಟ್ ಮಾಡಿ, ನಾನು ಬೇಡ ಅನ್ನುವುದಿಲ್ಲ.

ಊರಿನ ಹೆಸರಿನಲ್ಲಿ ನಾವು ಎಷ್ಟು ಸುಧಾರಿಸಿಕೊಂಡು ಹೋಗುತ್ತೇವೆ ನೋಡಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮಂಗಳೂರು ಅಂತಲೇ ಬರೆಯಬೇಕು. ಆದರೂ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಹೆಸರಿನಲ್ಲಿ ಇನ್ನೂ ಮ್ಯಾಂಗಲೋರ್ ಇದೆ. ಮುಂಬೈಯ ಹಳೆ ಹೋಟೆಲುಗಳ ಬೋರ್ಡಿನಲ್ಲಿ ನಾವು ಉಡಿಪಿ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮ ರಾವ್ ತಮ್ಮ ಹೆಸರಿನ ಕೊನೆಗೆ ‘ಒ’ ಬದಲು ‘ಯು’ ಬರೆಯುತ್ತಿದ್ದರು. ಅವರ ಸಹಿ ಇದ್ದ ನೋಟನ್ನು ಯಾರೂ ಬೇಡ ಅನ್ನಲಿಲ್ಲ ಅಲ್ವಾ?

ಶಾಲೆಗಳಲ್ಲಿ ನನ್ನ ವಿನಂತಿ ಇಷ್ಟೇ. ವರ್ಷದ ಆರಂಭದಲ್ಲಿ ಮಕ್ಕಳಿಗೆ ಡೈರಿ ಅಚ್ಚು ಹಾಕಿಸುತ್ತೀರಿ. ಅದರಲ್ಲಿ ಯೂನಿಫಾರ್ಮಿಗೆ ಒಂದು ಪುಟ, ಫೀಸಿಗೆ ಒಂದು ಪುಟ ಇರುತ್ತದೆ. ನಮ್ಮ ಶಾಲೆಯಲ್ಲಿ ನೋಡುವ ನಿಘಂಟು ಯಾವುದು ಅಂತ ಒಂದು ಸಾಲು ಅದರಲ್ಲೇ ಸೇರಿಸಿ. ಅದರಲ್ಲಿ ಎರಡೂ ಸ್ಪೆಲ್ಲಿಂಗ್ ಇದ್ದರೆ ಎರಡಕ್ಕೂ ಪೂರ್ತಿ ಮಾರ್ಕು ಕೊಡಿ. ಈಗಾಗಲೇ ಕಟ್ ಮಾಡಿದ ಅರ್ಧ ಮಾರ್ಕುಗಳನ್ನು ಕೇಳಿಕೊಂಡು ಮಕ್ಕಳು ಬಂದರೆ ಗದರಿಸಿ ಕಳಿಸಬೇಡಿ.

– ಡಿಟಿಪಿ ಅಂಗಡಿಯವಳು, ಕುಂಜಿಬೆಟ್ಟು, ಉಡುಪಿ