ತಾಮ್ರಕ್ಕಾಗಿ ಹಳೆಯ ಪಿನ್‌ಬಾಲ್ ಒಡೆಯಬೇಡಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಬಂದರಿನಲ್ಲಿ 31 ವರ್ಷದಿಂದ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದೇನೆ. ಕಳೆದ ಆಟಿಯಲ್ಲಿ ಪಕ್ಕದ ಗುಜರಿ ಅಂಗಡಿಗೆ ಒಂದು ಪಿನ್‌ಬಾಲ್ ಯಂತ್ರ ಬಂತು. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಚಿಮ್ಮಿಸಿ ಅಂಕ ಗಳಿಸುವ ಆಟ ಅದು. ಹಡಗಿನಲ್ಲಿ ಕೆಲಸಕ್ಕಿದ್ದವರೊಬ್ಬರು ಹಿಂದೆ ಯಾವಾಗಲೋ ತಂದದ್ದಂತೆ. ಮನೆ ಕೆಡವುವಾಗ ತೂಕಕ್ಕೆ ಹಾಕಿದ್ದಾರೆ. ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್ ಕತ್ತರಿಸಿ ತಾಮ್ರ ತೆಗೆಯಲು ಹುಡುಗ ಕಟ್ಟರ್ ಹಿಡಿದು ಕೂತಿದ್ದ. ತೂಕದ ದರ ಕೊಟ್ಟು ನಾನೇ ತಂದೆ.

ಶಿಕಾಗೋದ ಗೊಟ್ಲೀಬ್ ಕಂಪೆನಿಯ 1969ರ 'ಟಾರ್ಗೆಟ್ ಪೂಲ್' ಅದು. ಗಾಜಿನ ಮೇಲೆ ಬಿಲಿಯರ್ಡ್ಸ್ ಚಿತ್ರ. ಬೇಸ್‌ಬಾಲ್, ಬೌಲಿಂಗ್ ಚಿತ್ರದವನ್ನೂ ಆಗ ಮಾಡುತ್ತಿದ್ದರು. ಒಳಗೆ ಒಂದೇ ಒಂದು ಚಿಪ್ ಇಲ್ಲ. ಬರೀ ರಿಲೇ (ಕರೆಂಟಿನಿಂದಲೇ ಆಡುವ ಸ್ವಿಚ್ಚು), ಕಾಯಿಲ್, ಸ್ವಿಚ್ಚು.

ಹಾಗಾದರೆ ಲೆಕ್ಕ ಇಡುವುದು ಯಾರು? ಅಂಕಿ ಬರೆದ ಚಕ್ರಗಳು. ಚೆಂಡು ತಾಗಿದರೆ ಕಾಯಿಲ್ ಎಳೆದು ಚಕ್ರವನ್ನು ಒಂದು ಹಲ್ಲು ತಿರುಗಿಸುತ್ತದೆ. ಚಕ್ರ 9ಕ್ಕೆ ಬಂದಾಗ ಅದರ ಬದಿಯ ಸಣ್ಣ ಸ್ವಿಚ್ಚು ಕೂಡಿಕೊಳ್ಳುತ್ತದೆ. ಮುಂದಿನ ಏಟಿಗೆ ಅದು ಸೊನ್ನೆಗೆ ತಿರುಗುವಾಗ ಪಕ್ಕದ ಚಕ್ರವೂ ಒಂದು ಹಲ್ಲು ಸರಿಯುತ್ತದೆ. ಶಾಲೆಯಲ್ಲಿ 'ಕೈಯಲ್ಲಿ ಒಂದು' ಅಂತ ಕೂಡಿಸುತ್ತಿದ್ದೆವು ಅಲ್ವಾ, ಅದನ್ನೇ ಇಲ್ಲಿ ಕಣ್ಣಾರೆ ನೋಡಬಹುದು. ಯಂತ್ರವನ್ನು ಜಾಸ್ತಿ ಅಲ್ಲಾಡಿಸಿದರೆ ಆಟ ನಿಲ್ಲಿಸಲು ಒಂದು ಗುಂಡು ತೂಗುಬಿಟ್ಟಿದ್ದಾರೆ, ಗಾರೆಯವರ ತೂಗುಗುಂಡಿನ ಹಾಗೆ. ಅದು ಸುತ್ತಲಿನ ಬಳೆಗೆ ತಾಗಿದರೆ ಮುಗಿಯಿತು.

ಎರಡು ಕಾಯಿಲ್ ಸುಟ್ಟಿದ್ದವು. ಸುತ್ತು ಎಣಿಸಿ ಹೊಸದಾಗಿ ಸುತ್ತಿದೆ. ನಮ್ಮ ಕರೆಂಟನ್ನು ಇಳಿಸಿ ಕೊಡಲು ಒಂದು ಟ್ರಾನ್ಸ್‌ಫಾರ್ಮರ್ ಬೇಕಾಯಿತು. ಜಾಸ್ತಿ ಸಮಯ ಹಿಡಿದದ್ದು ಪಾಯಿಂಟುಗಳಿಗೆ, ಅಂದರೆ ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗುವ ಲೋಹದ ತುದಿಗಳಿಗೆ. ಇಲ್ಲಿನ ಉಪ್ಪು ಗಾಳಿಗೆ ಒಂದೊಂದೂ ಕಪ್ಪಾಗಿತ್ತು. ಸಣ್ಣ ಅರ ಹಿಡಿದು ರಾತ್ರಿಯೆಲ್ಲ ಉಜ್ಜಿದ್ದೇನೆ.

ಮೊದಲ ಸಲ ಗಂಟೆ ಹೊಡೆದಾಗ ಬೀದಿಯ ಮಕ್ಕಳೆಲ್ಲ ಬಂದರು. ಏಳನೇ ಕ್ಲಾಸಿನ ಒಬ್ಬಳು ಆಡಲೇ ಇಲ್ಲ. ಹಲಗೆ ಎತ್ತಿ ಒಳಗೆ ತೋರಿಸಿ ಅಂದಳು. ಒಂದು ರಿಲೇಯನ್ನು ಬೆರಳಿನಿಂದ ಒತ್ತಿ, ಅಂಕಿ ತಿರುಗಿದ್ದನ್ನು ನೋಡಿ, ಮತ್ತೆ ಮತ್ತೆ ಒತ್ತಿದಳು.

ಆ ಹುಡುಗಿಯನ್ನು ನೋಡಿಯೇ ಈ ಪತ್ರ ಬರೆಯುತ್ತಿದ್ದೇನೆ. ಚಿಪ್ ಬಂದ ಮೇಲೆ, 1970ರ ದಶಕದ ಕೊನೆಗೆ, ಇಂಥವನ್ನು ಮಾಡುವುದು ನಿಂತೇ ಹೋಯಿತು. ನಿಮ್ಮ ಅಟ್ಟದಲ್ಲೋ ಗೋದಾಮಿನಲ್ಲೋ ಹಳೆಯದೊಂದು ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಪಿಲಿಕುಳದ ವಿಜ್ಞಾನ ಕೇಂದ್ರದವರು ಒಪ್ಪಿದರೆ ನನ್ನದನ್ನು ಅಲ್ಲಿಗೇ ಕೊಡುತ್ತೇನೆ. ಒಂದೇ ಮಾತು: ಗಾಜಿನ ಪೆಟ್ಟಿಗೆಯಲ್ಲಿ ಸುಮ್ನೆ ಇಡಬಾರದು, ಮಕ್ಕಳು ಆಡಬೇಕು, ಹಲಗೆ ಎತ್ತಿ ನೋಡಬೇಕು. ಪ್ರತಿ ಮಳೆಗಾಲ ಮುಗಿದ ಮೇಲೆ ಪಾಯಿಂಟ್ ಉಜ್ಜಲು ನಾನೇ ಬರುತ್ತೇನೆ. ದುಡ್ಡು ಬೇಡ.

— ರಿವೈಂಡಿಂಗ್ ಅಂಗಡಿಯವ, ಬಂದರು, ಮಂಗಳೂರು