ನೌಕಾಧ್ವಜ: ಹಳೆ ಚಾರ್ಟ್ ಬೇಡ

ಮಾನ್ಯರೇ,

ಡಿಸೆಂಬರ್ 4ರ ನೌಕಾಪಡೆ ದಿನಕ್ಕೆಂದು ಕಲಬುರಗಿಯ ಅಂಗಡಿಗಳಲ್ಲಿ ಸಿಗುವ ಚಾರ್ಟ್‌ಗಳಲ್ಲಿ ಇನ್ನೂ ಕೆಂಪು ಶಿಲುಬೆಯ ಧ್ವಜವೇ ಇದೆ. ಬ್ರಿಟಿಷರ ಕಾಲದ ಆ ಶಿಲುಬೆಯನ್ನು 2022ರ ಸೆಪ್ಟೆಂಬರ್ 2ರಂದೇ ಕೈಬಿಡಲಾಗಿದೆ. 2001ರಲ್ಲೂ ಒಮ್ಮೆ ತೆಗೆದಿದ್ದರು. ಆದರೆ ಅದರ ಬದಲು ಬಂದ ನೀಲಿ ಲಾಂಛನ ಕಡಲು, ಆಕಾಶದ ನೀಲಿಯಲ್ಲಿ ಬೆರೆತು ಗುರುತು ಸಿಗದೆ 2004ರಲ್ಲಿ ಶಿಲುಬೆ ಮರಳಿತು. ಈಗಿನದು ಬಿಳಿ ಬಟ್ಟೆ. ಕಂಬದ ಕಡೆ ಮೇಲಿನ ಮೂಲೆಯಲ್ಲಿ ತ್ರಿವರ್ಣ, ಇನ್ನೊಂದು ಬದಿಗೆ ಚಿನ್ನದ ಬಣ್ಣದ ಜೋಡಿ ಅಂಚಿನ ಕಡುನೀಲಿ ಅಷ್ಟಕೋನ. ಒಳಗೆ ರಾಷ್ಟ್ರಲಾಂಛನ, ಗುರಾಣಿಯ ಮೇಲೆ ಲಂಗರು, ದೇವನಾಗರಿಯಲ್ಲಿ ನೌಕಾಪಡೆಯ ಧ್ಯೇಯವಾಕ್ಯ 'ಶಂ ನೋ ವರುಣಃ'. ಎಂಟು ಮೂಲೆಗಳು ಎಂಟು ದಿಕ್ಕುಗಳಿಗೆ. ಮಕ್ಕಳು ದುಂಡಗೆ ಬರೆದರೆ ಅರ್ಥವೇ ಹೋಗುತ್ತದೆ. ಚಾರ್ಟ್ ಕೊಳ್ಳುವ ಮುನ್ನ ಶಿಕ್ಷಕರು ದಯವಿಟ್ಟು ಇಷ್ಟನ್ನು ನೋಡಿಕೊಳ್ಳಲಿ.

– ಓದುಗ, ಕಲಬುರಗಿ